ಬಾಗಿಲು ಕಾದ ಏಳು ವರ್ಷ

ಸೈನ್ಯದಿಂದ ನಿವೃತ್ತನಾಗಿ ಬಂದವನನ್ನು ಮೊದಲ ವಾರ ಎಲ್ಲರೂ ಬೆನ್ನು ತಟ್ಟಿ ಮಾತಾಡಿಸುತ್ತಾರೆ. ಎರಡನೇ ವಾರದಿಂದ ಪ್ರಶ್ನೆ ಶುರುವಾಗುತ್ತದೆ. ಹಾಲು ತರಲು ಹೋದರೂ ಅದೇ ಪ್ರಶ್ನೆ, ಕ್ಷೌರಕ್ಕೆ ಕೂತರೂ ಅದೇ ಪ್ರಶ್ನೆ: "ಮುಂದೇನು ಮಾಡ್ತೀರಾ?"

ಬಸ್ ಡಿಪೋದ ಹಿಂದಿನ ಬೀದಿಯ ಮಿಲಿಟರಿಯಣ್ಣನಿಗೂ ಹಾಗೇ ಆಯಿತು. ಇಪ್ಪತ್ತೆರಡು ವರ್ಷ ಸೇವೆ ಮಾಡಿ, ನಲವತ್ತೆರಡನೇ ವಯಸ್ಸಿಗೆ ಒಂದು ಕಬ್ಬಿಣದ ಪೆಟ್ಟಿಗೆ ಹೊತ್ತು ಮನೆಗೆ ಬಂದ. ಬೀದಿಯವರೆಲ್ಲ ಅವನನ್ನು ಮಿಲಿಟರಿಯಣ್ಣ ಎಂದೇ ಕರೆಯುತ್ತಿದ್ದರು. ಅವನ ಸ್ವಂತ ಹೆಸರು ಅಂಚೆಯವನಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ.

ಮನೆಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯ ಕಿಟಕಿಯ ಕೆಳಗೆ ಹೆಂಡತಿಯ ಹೊಲಿಗೆ ಯಂತ್ರ. ಅವನು ದೂರದಲ್ಲಿದ್ದ ವರ್ಷಗಳಲ್ಲಿ ಅವಳು ಹೊಲಿಗೆ ಕಲಿತು, ಶಾಲೆಯ ಸಮವಸ್ತ್ರ, ದಿಂಬಿನ ಕವರು, ಬಾಗಿಲ ಪರದೆ ಹೊಲಿದು ಕೊಡುತ್ತಿದ್ದಳು. ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಿದ್ದ ಗಂಡ ಈಗ ಬೆಳಗಿನಿಂದ ಸಂಜೆಯವರೆಗೆ ಎದುರಿಗೇ ಕೂತಿರುತ್ತಿದ್ದ. ಕಸ ಗುಡಿಸುವಾಗ ಅವಳು, "ರೀ, ಕಾಲು ಸ್ವಲ್ಪ ಎತ್ತಿ" ಅನ್ನುವುದು, ಅವನು ಎತ್ತುವುದು. ಹದಿನೈದು ದಿನ ಕಳೆಯುವಷ್ಟರಲ್ಲಿ ಅವಳು ಹೇಳುವ ಮೊದಲೇ ಪೊರಕೆಯ ಸದ್ದಿಗೆ ಕಾಲು ತಾನಾಗಿ ಮೇಲೇಳುತ್ತಿತ್ತು.

ಅದೇ ಹೊತ್ತಿಗೆ ಭಾಮೈದ ಬಂದ. ಹೆಂಡತಿಯ ತಮ್ಮ ಅವನು. ಕಟ್ಟಡಗಳಿಗೆ ಬಣ್ಣ ಹೊಡೆಸುವ ಕಂಟ್ರಾಕ್ಟರ್. ಬಾಯಿ ಜೋರು, ಮನಸ್ಸು ಒಳ್ಳೆಯದು.

"ಭಾವ, ದೊಡ್ಡ ಬಟ್ಟೆ ಅಂಗಡೀಲಿ ಸೆಕ್ಯೂರಿಟಿ ಕೆಲಸ ಇದೆ. ಹೆಗಲ ಮೇಲೆ ಪಟ್ಟಿ ಇರೋ ಯೂನಿಫಾರ್ಮ್ ಕೊಡ್ತಾರೆ. ವಿಮಾನದಿಂದ ಹಾರಿದೋರು ನೀವು, ನಿಮ್ಮಂಥೋರು ಬಾಗಿಲಲ್ಲಿ ನಿಂತ್ರೆ ಕಳ್ಳರ ಎದೆ ಒಡೆದು ಹೋಗುತ್ತೆ."

ಯೂನಿಫಾರ್ಮ್ ಎಂದ ಕೂಡಲೇ ಮಿಲಿಟರಿಯಣ್ಣನ ಬೆನ್ನು ನೆಟ್ಟಗಾಯಿತು. ಹೂಂ ಎಂದುಬಿಟ್ಟ. "ನಿಮಗೆ ಬೇರೆ ಏನು ಕೆಲಸ ಬರುತ್ತೆ?" ಎಂದು ಭಾಮೈದನೂ ಕೇಳಲಿಲ್ಲ, ಹೆಂಡತಿಯೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಅವನಿಗೂ ಅನ್ನಿಸಿತು.

ಯಾಕೆಂದರೆ ಅವನು ಒಂದು ದಿನವೂ ವಿಮಾನದಿಂದ ಹಾರಿದವನಲ್ಲ.

ಸೈನ್ಯದಲ್ಲಿ ಅವನದು ಪ್ಯಾರಾಚೂಟ್ ವಿಭಾಗ. ಉದ್ದನೆಯ ಹಾಲ್, ಅದರ ತುಂಬ ಉದ್ದನೆಯ ಮೇಜುಗಳು. ಹಾರಿದವರ ಪ್ಯಾರಾಚೂಟ್‌ಗಳು ಅಲ್ಲಿಗೆ ಬರುತ್ತಿದ್ದವು. ಅವುಗಳ ಮಣ್ಣು ಕೊಡವಬೇಕು, ಬೆಳಕಿಗೆ ಹಿಡಿದು ಬಟ್ಟೆಯ ಒಂದೊಂದು ಭಾಗವನ್ನೂ ನೋಡಬೇಕು, ಹರಿದಲ್ಲಿ ತುಂಡು ಹಾಕಿ ಹೊಲಿಯಬೇಕು, ಹೆಗಲ ಪಟ್ಟಿ, ತೊಡೆಯ ಪಟ್ಟಿ ಸಡಿಲವಾಗಿದ್ದರೆ ಬಿಚ್ಚಿ ದಪ್ಪ ಸೂಜಿಯ ಯಂತ್ರದಲ್ಲಿ ಮತ್ತೆ ಹೊಲಿಯಬೇಕು. ಆಮೇಲೆ ಮಡಚಿ ಚೀಲಕ್ಕೆ ತುಂಬಿ, ಜೊತೆಗಿರುವ ಚೀಟಿಯ ಮೇಲೆ ಸಹಿ ಹಾಕಬೇಕು. ಆ ಸಹಿಯ ಅರ್ಥ ಇಷ್ಟೇ: ಇದು ತೆರೆಯದಿದ್ದರೆ ಹೊಣೆ ನನ್ನದು. ಇಪ್ಪತ್ತೆರಡು ವರ್ಷದಲ್ಲಿ ಅವನು ಸಹಿ ಹಾಕಿದ ಒಂದೇ ಒಂದು ಪ್ಯಾರಾಚೂಟ್ ಕೈಕೊಟ್ಟಿರಲಿಲ್ಲ.

ಆದರೆ ಉಳಿದ ಸೈನಿಕರು ಅವರನ್ನು ತಮಾಷೆಗೆ 'ದರ್ಜಿ ಪಡೆ' ಅನ್ನುತ್ತಿದ್ದರು. ಆ ಮಾತು ಮಿಲಿಟರಿಯಣ್ಣನಿಗೆ ಮುಳ್ಳಿನಂತೆ ಚುಚ್ಚಿ ಒಳಗೇ ಉಳಿಯಿತು. ಮೊದಲ ರಜೆಗೆ ಬಂದಾಗ ಭಾಮೈದ, "ಭಾವ, ಎಷ್ಟು ಸಲ ಹಾರಿದ್ದೀರಾ?" ಎಂದು ಕಣ್ಣರಳಿಸಿ ಕೇಳಿದ್ದ. ಅವನು ನಕ್ಕು, "ಲೆಕ್ಕ ಯಾರು ಇಡ್ತಾರೆ ಬಿಡು" ಅಂದಿದ್ದ. ಅಷ್ಟೇ. ಆ ನಗುವಿಗೆ ಕೈಕಾಲು ಬಂತು, ಬೀದಿ ತುಂಬ ಓಡಾಡಿತು. ಹೆಂಡತಿಗೆ ಅವನು ಪ್ಯಾರಾಚೂಟ್ ವಿಭಾಗದಲ್ಲಿದ್ದಾನೆ ಎಂದಷ್ಟೇ ಗೊತ್ತಿತ್ತು. ಯಂತ್ರದ ಮುಂದೆ ಕೂರುವ ಕೆಲಸ ಎಂದು ಅವನು ಬಾಯಿ ಬಿಡಲಿಲ್ಲ.

ಬಟ್ಟೆ ಅಂಗಡಿಯ ಗಾಜಿನ ಬಾಗಿಲ ಪಕ್ಕದಲ್ಲಿ ಅವನಿಗೊಂದು ಸ್ಟೂಲು. ಗಿರಾಕಿ ಬಂದರೆ ಏಳಬೇಕು, ಬಾಗಿಲು ಎಳೆಯಬೇಕು, ತಲೆ ಬಾಗಿಸಬೇಕು. ಕಾವಲು ಕೆಲಸವೇನೂ ಕೀಳಲ್ಲ. ಅಲ್ಲೇ ಹಿಂದಿನ ಗೇಟಿನಲ್ಲಿದ್ದ ಮುದುಕ ಆ ಕೆಲಸವನ್ನು ಪ್ರೀತಿಯಿಂದ ಮಾಡುತ್ತಿದ್ದ, ಬಂದ ಪ್ರತಿ ಗಾಡಿಯವನ ಮನೆ ಕಥೆಯೂ ಅವನಿಗೆ ಬಾಯಿಪಾಠ. ಮಿಲಿಟರಿಯಣ್ಣನಿಗೆ ಮಾತ್ರ ಅದು ಒಗ್ಗಲಿಲ್ಲ. ಒಳಗೆ ಹೋಗುವವರ ಕೋಟಿನ ತೋಳು, ಹೊರಗೆ ಬರುವವರ ಚೀಲದ ಹಿಡಿಕೆ, ಇವುಗಳ ಹೊಲಿಗೆ ನೋಡುತ್ತ ಹೊತ್ತು ಕಳೆಯುತ್ತಿದ್ದ. ಇದು ನಾಲ್ಕು ತಿಂಗಳಿಗೆ ಬಿಚ್ಚುತ್ತದೆ, ಇದು ಗಟ್ಟಿ, ಇದಕ್ಕೆ ದಾರ ತಪ್ಪು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಒಂದು ವರ್ಷ ಎಂದುಕೊಂಡು ಹೋದವನು ಏಳು ವರ್ಷ ಅದೇ ಸ್ಟೂಲಿನ ಮೇಲೆ ಕೂತ.

ನಡುವೆ ಒಂದು ಘಟನೆ ನಡೆಯಿತು. ಯಾರೋ ಒಂದು ದಪ್ಪ ಕ್ಯಾನ್ವಾಸಿನ ಚೀಲ ರಿಪೇರಿಗೆ ಕೊಟ್ಟಿದ್ದರು. ಹೆಂಡತಿ ಎರಡು ಸೂಜಿ ಮುರಿದುಕೊಂಡಳು. ಅವಳು ಹಾಕಿದ ಸೂಜಿ ತೆಳುವಾಯಿತು, ದಾರದ ಬಿಗಿ ಜಾಸ್ತಿಯಾಯಿತು ಎಂದು ಅವನಿಗೆ ಕೂತಲ್ಲೇ ಗೊತ್ತಾಯಿತು. ಪೇಪರ್ ಓದುವವನಂತೆ ಮುಖ ಮುಚ್ಚಿಕೊಂಡ. ಅವಳು ತರಕಾರಿ ತರಲು ಹೋದಾಗ ಮಾತ್ರ ಕೈ ಕೇಳಲಿಲ್ಲ. ಡಬ್ಬಿಯಲ್ಲಿ ಹುಡುಕಿ ದಪ್ಪ ಸೂಜಿ ಹಾಕಿದ, ಹತ್ತೇ ನಿಮಿಷದಲ್ಲಿ ಹಿಡಿಕೆ ಹೊಲಿದು ಮುಗಿಸಿ, ಹಳೆ ಸೂಜಿಯನ್ನೇ ಮತ್ತೆ ಸಿಕ್ಕಿಸಿ ಕೂತ.

ಅವಳು ಬಂದು ಚೀಲ ಎತ್ತಿ ನೋಡಿದಳು. "ಇದ್ಯಾರು ಹೊಲಿದಿದ್ದು?"

"ನೀನೇ ಅಲ್ವಾ? ಬೆಳಿಗ್ಗೆ ಹೊಲಿದಿಟ್ಟೆಯಲ್ಲ."

"ನಾನಾ?"

"ಮರೆತಿದ್ದೀಯ ಬಿಡು."

ಅವಳು ಹಿಡಿಕೆಯನ್ನು ಎರಡು ಸಲ ಎಳೆದು ನೋಡಿ ಚೀಲ ಬದಿಗಿಟ್ಟಳು. ಮರುದಿನದಿಂದ ಕ್ಯಾಲೆಂಡರಿನ ಮೇಲೆ ಸಣ್ಣಸಣ್ಣ ಅಕ್ಷರದಲ್ಲಿ ಗುರುತು ಬರೆದಿಡತೊಡಗಿದಳು. ಯಾರ ಬಟ್ಟೆ, ಯಾವ ದಿನ, ಮುಗಿಯಿತೋ ಇಲ್ಲವೋ ಎಂದು. ಅದೇಕೆ ಎಂದು ಅವನು ಕೇಳಲಿಲ್ಲ.

ವರ್ಷಕ್ಕೊಮ್ಮೆ ಪಿಂಚಣಿಯ ಕಾಗದ ಕೊಡಲು ಅವನು ಮಾಜಿ ಸೈನಿಕರ ಕಲ್ಯಾಣ ಕಚೇರಿಗೆ ಹೋಗಬೇಕಿತ್ತು. ಅಲ್ಲಿದ್ದ ಹೆಂಗಸು ತಾನೂ ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದವಳು. ಎಲ್ಲರೂ ಅವಳನ್ನು ವೈರ್‌ಲೆಸ್ ಮೇಡಂ ಅನ್ನುತ್ತಿದ್ದರು. ಮೇಜಿನ ಮೇಲೆ ಫೈಲುಗಳಿಗಿಂತ ತರಬೇತಿಯ ಕರಪತ್ರಗಳೇ ಹೆಚ್ಚು.

ಮೊದಲ ವರ್ಷವೇ ಕೇಳಿದಳು: "ಈಗೇನ್ ಮಾಡ್ತಾ ಇದ್ದೀರಾ?"

"ಸೆಕ್ಯೂರಿಟಿ."

"ಇಷ್ಟಪಟ್ಟು ಮಾಡ್ತಾ ಇದ್ದೀರಾ, ಇಲ್ಲ ಸಿಕ್ಕಿತು ಅಂತಾನಾ?"

ಅವನು ಪಿಂಚಣಿಯ ಕಾಗದವನ್ನು ಮುಂದಕ್ಕೆ ತಳ್ಳಿದ.

ಮೇಡಂ ಅವನ ಸೇವಾ ದಾಖಲೆ ತೆರೆದು ಬೆರಳಿಟ್ಟು ಓದಿದಳು. "ಅಲ್ರೀ, ಬಂಗಾರದಂಥ ಕೆಲಸ ಕಲ್ತಿದ್ದೀರಲ್ಲ! ಪಟ್ಟಿ, ಹಗ್ಗ, ದಪ್ಪ ಬಟ್ಟೆ ಹೊಲಿಯೋಕೆ ಬರುತ್ತೆ, ಪರೀಕ್ಷೆ ಮಾಡೋಕೆ ಬರುತ್ತೆ. ಎತ್ತರದಲ್ಲಿ ಕೆಲಸ ಮಾಡೋರ ಸೊಂಟದ ಬೆಲ್ಟ್ ಇರುತ್ತಲ್ಲ, ಅದನ್ನ ತಯಾರು ಮಾಡೋದು, ಪರೀಕ್ಷೆ ಮಾಡೋದು, ಅದಕ್ಕೆ ಮೂರು ತಿಂಗಳ ಕೋರ್ಸ್ ಇದೆ. ಆಮೇಲೆ ಬೆಲ್ಟ್ ಪರೀಕ್ಷಾ ಕೇಂದ್ರದಲ್ಲೇ ಕೆಲಸಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ನಲವತ್ತೈದು ದಾಟಿರಬಾರದು ಅಷ್ಟೇ. ನಿಮಗೆ ಇನ್ನೂ ಟೈಮಿದೆ."

ಪಕ್ಕದ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಅವರಿಗೆ ಕೇಳಿಸಿತೇನೋ ಎಂದು ಮಿಲಿಟರಿಯಣ್ಣನ ಕಿವಿ ಬಿಸಿಯಾಯಿತು.

"ಮೇಡಂ, ಇಪ್ಪತ್ತೆರಡು ವರ್ಷ ದೇಶ ಕಾದು ಬಂದೋನು ಈಗ ಹೊಲಿಗೆ ಮೆಷಿನ್ ಮುಂದೆ ಕೂರ್ಲಾ?"

"ದೇಶ ಕಾದಿದ್ದೇ ಆ ಮೆಷಿನ್ ಮುಂದೆ ಕೂತಲ್ವಾ?"

ಅವನು ಸಹಿ ಹಾಕಿ ಎದ್ದುಬಂದ. ಮರುವರ್ಷವೂ ಅವಳು ಕೇಳಿದಳು, ಅದರ ಮರುವರ್ಷವೂ ಕೇಳಿದಳು. ನಾಲ್ಕನೇ ವರ್ಷ ಅವನು ಅವಳಿಲ್ಲದ ಹೊತ್ತು ನೋಡಿಕೊಂಡು ಹೋಗಿ ಕಾಗದ ಕೊಟ್ಟುಬಂದ.

ಏಳನೇ ವರ್ಷದ ಒಂದು ಭಾನುವಾರ. ಭಾಮೈದ ಬಂದು ಚಹಾ ಕುಡಿಯುತ್ತಿದ್ದ. ಎರಡು ಮನೆ ಆಚೆಯ ಲೈನ್‌ಮನ್ ಬಾಗಿಲಲ್ಲಿ ನಿಂತು, "ಅತ್ತಿಗೆ, ಇದ್ದೀರಾ?" ಎಂದ. ವಿದ್ಯುತ್ ಕಂಬ ಹತ್ತುವ ಕೆಲಸ ಅವನದು. ಮೂವತ್ತು ದಾಟಿದವನು, ತಾಯಿಯ ಜೊತೆ ವಾಸ. ಯಾರ ಮನೆಯಲ್ಲಿ ದೀಪ ಹೋದರೂ ಊಟ ಅರ್ಧಕ್ಕೆ ಬಿಟ್ಟು ಬರುವ ಮನುಷ್ಯ. ಕೈಯಲ್ಲಿ ಹೊಸ ಬೆಲ್ಟು. ಕಂಬದ ಮೇಲೆ ಎರಡೂ ಕೈ ಬಿಟ್ಟು ಕೆಲಸ ಮಾಡುವಾಗ ಮೈಭಾರವನ್ನೆಲ್ಲ ಹೊರುವ ಬೆಲ್ಟು ಅದು.

"ಕಟಿಂಗ್ ಪ್ಲೇಯರ್ ಇಡೋಕೆ ಇದಕ್ಕೊಂದು ಜೇಬು ಹೊಲಿದು ಕೊಡಿ ಅತ್ತಿಗೆ."

ಹೆಂಡತಿ ಅಡುಗೆಮನೆಯಲ್ಲಿದ್ದಳು. ಬೆಲ್ಟು ಮಿಲಿಟರಿಯಣ್ಣನ ಕೈಗೆ ಬಂತು. ಅವನ ಹೆಬ್ಬೆರಳು ತಾನಾಗಿ ಹೊಲಿಗೆಯ ಮೇಲೆ ಜಾರುತ್ತ ಹೋಯಿತು. ಕಬ್ಬಿಣದ ಬಳೆ ಕೂರಿಸಿದ್ದ ಜಾಗಕ್ಕೆ ಬಂದು ನಿಂತಿತು.

ಅಲ್ಲಿ ಇರಬೇಕಾದದ್ದು ಚೌಕ ಹೊಲಿಗೆ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ. ಇದ್ದದ್ದು ಒಂದೇ ಸಾಲು. ದಾರ ಶರ್ಟು ಹೊಲಿಯುವ ದಾರ. ಅದೂ ಎಷ್ಟು ಒತ್ತೊತ್ತಾಗಿ ಹೊಲಿದಿದ್ದರೆಂದರೆ, ಅಂಚೆಚೀಟಿಯ ಅಂಚಿನ ತೂತುಗಳ ಹಾಗೆ ಪಟ್ಟಿಯೇ ಅಲ್ಲಿ ಹರಿಯಲು ಸಿದ್ಧವಾಗಿತ್ತು. ಸೈನ್ಯದ ಆ ಹಾಲ್‌ನಲ್ಲಿ ಇಂಥದ್ದು ಬಂದಿದ್ದರೆ ಅವನು ಕತ್ತರಿ ಹಾಕಿ ಎರಡು ತುಂಡು ಮಾಡಿ ಬುಟ್ಟಿಗೆ ಎಸೆಯುತ್ತಿದ್ದ.

"ಇದೆಲ್ಲಿ ತಗೊಂಡೆ?" ಎಂದ.

"ನಮ್ಮ ಕರೆಂಟ್ ಕಂಟ್ರಾಕ್ಟರ್ ಎಲ್ಲರಿಗೂ ಕೊಟ್ಟಿದ್ದು. ಯಾಕಣ್ಣ, ಸರಿಯಿಲ್ವಾ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಭಾಮೈದ ಜೋರಾಗಿ ನಕ್ಕ. "ಅಯ್ಯೋ, ಅವರನ್ನ ಏನ್ ಕೇಳ್ತೀಯಾ! ಅವರು ಆಕಾಶದಿಂದ ಹಾರೋರು. ಸೂಜಿ ದಾರದ ವಿಷಯ ಅಕ್ಕನ್ನ ಕೇಳು."

ಸರಿಯಿಲ್ಲ ಎಂದರೆ, ನಿಮಗೆ ಹೇಗೆ ಗೊತ್ತು ಎನ್ನುತ್ತಾರೆ. ಹೇಗೆ ಗೊತ್ತು ಎಂದು ಹೇಳಿದರೆ ಇಷ್ಟು ವರ್ಷದ ಸುಳ್ಳು ಭಾಮೈದನ ಚಹಾದ ಲೋಟದ ಪಕ್ಕಕ್ಕೆ ಬಂದು ಬೀಳುತ್ತದೆ.

"ನೋಡೋಕೆ ಚೆನ್ನಾಗಿದೆ" ಎಂದ ಮಿಲಿಟರಿಯಣ್ಣ. ಬೆಲ್ಟನ್ನು ಯಂತ್ರದ ಮೇಲಿಟ್ಟ.

ಹೆಂಡತಿ ಸಂಜೆಗೆ ಜೇಬು ಹೊಲಿದು ಕೊಟ್ಟಳು. ಮರುದಿನ ಹೋಗಿ ಹೇಳಿಬಿಡಲೇ ಎಂದು ಲೈನ್‌ಮನ್‌ನ ಮನೆಯ ಮುಂದೆ ಒಮ್ಮೆ ಹಾದುಹೋದ. ಬಾಗಿಲು ಹಾಕಿತ್ತು. ಸಂಜೆ ಹೇಳೋಣ ಎಂದುಕೊಂಡ, ಸಂಜೆ ನಾಳೆಯಾಯಿತು. ಮೂರನೇ ದಿನಕ್ಕೆ, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ.

ಹನ್ನೆರಡನೇ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಅಂಗಡಿಯ ಬಾಗಿಲು ಎಳೆದು ಹಿಡಿದು ನಿಂತಿದ್ದಾಗ, ಜೇಬಿನಲ್ಲಿ ಫೋನ್ ಗುರುಗುಟ್ಟಿತು. ಹೆಂಡತಿ.

"ರೀ, ನಮ್ಮ ಲೈನ್‌ಮನ್ ಕಂಬದಿಂದ ಬಿದ್ದುಬಿಟ್ಟನಂತೆ. ಬೆಲ್ಟೇ ಕಿತ್ತು ಬಂತಂತೆ. ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ನಾನು ಹೊಲಿದ ಜೇಬಿನಿಂದ ಏನಾದ್ರೂ ಆಯ್ತೇನ್ರೀ?"

ಅವನ ಕೈಯಿಂದ ಗಾಜಿನ ಬಾಗಿಲು ಜಾರಿ ತಾನಾಗಿ ಮುಚ್ಚಿಕೊಂಡಿತು. "ನಿನ್ನಿಂದ ಅಲ್ಲ" ಎಂದ.

ಲೈನ್‌ಮನ್‌ನ ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು, ಎಡಗಾಲಿನ ಶಕ್ತಿ ಹೋಗಿತ್ತು. ಊರುಗೋಲು ಹಿಡಿದು ನಡೆಯಬಹುದು, ಕಂಬ ಹತ್ತುವ ಮಾತು ಇನ್ನಿಲ್ಲ ಎಂದರು ಡಾಕ್ಟರು. ನಾಲ್ಕನೇ ದಿನ ವಾರ್ಡಿಗೆ ಹೋದಾಗ ಅವನ ತಾಯಿ ಮಂಚದ ಕೆಳಗಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದು ತೋರಿಸಿದಳು. "ನೋಡಪ್ಪ, ಹೊಸಾದು. ಹೀಗೆ ಹರಿದು ಹೋಗಿದೆ." ಬಳೆಯ ಪಕ್ಕ, ಅವನ ಹೆಬ್ಬೆರಳು ನಿಂತಿದ್ದ ಜಾಗದಲ್ಲೇ ಹರಿದಿತ್ತು.

ತಾಯಿ ನೀರು ತರಲು ಹೊರಗೆ ಹೋದಳು. ಮಿಲಿಟರಿಯಣ್ಣ ಸ್ಟೂಲು ಎಳೆದು ಮಂಚದ ಹತ್ತಿರ ಕೂತ. ಎಲ್ಲವನ್ನೂ ಹೇಳಿದ. ತಾನು ಸೈನ್ಯದಲ್ಲಿ ಏನು ಮಾಡುತ್ತಿದ್ದೆ, ಆ ಹೊಲಿಗೆ ಕಂಡಾಗ ಏನು ಗೊತ್ತಾಯಿತು, ಯಾಕೆ ಬಾಯಿ ಮುಚ್ಚಿಕೊಂಡೆ ಎಂದು ಒಂದನ್ನೂ ಬಿಡದೆ ಹೇಳಿದ.

ಲೈನ್‌ಮನ್ ಛಾವಣಿ ನೋಡುತ್ತ ಮಲಗಿದ್ದ.

"ಅವತ್ತು ನಾನು ಕೇಳಿದ್ದೆ ಅಲ್ವಾ ಅಣ್ಣ? ಸರಿಯಿಲ್ವಾ ಅಂತ?"

"ಕೇಳಿದ್ದೆ."

"ನೀವು ಚೆನ್ನಾಗಿದೆ ಅಂದ್ರಿ."

"ಅಂದೆ."

ಅವನು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಬೈದಿದ್ದರೆ ಚೆನ್ನಾಗಿತ್ತು, ಏನಾದರೂ ಎತ್ತಿ ಎಸೆದಿದ್ದರೆ ಇನ್ನೂ ಚೆನ್ನಾಗಿತ್ತು. ತಾಯಿ ನೀರು ತಂದು, "ಹೊರಟ್ಯಾ? ಕೂತ್ಕೊಳಪ್ಪ" ಎಂದಳು. ಕೂರಲು ಅವನಿಗೆ ಮುಖವಿರಲಿಲ್ಲ.

ಮನೆಗೆ ಬಂದು ಹೆಂಡತಿಯ ಮುಂದೆಯೂ ಅದನ್ನೇ ಹೇಳಿದ, ವೈರ್‌ಲೆಸ್ ಮೇಡಂ ವರ್ಷವರ್ಷ ಹೇಳಿದ್ದ ಕೋರ್ಸಿನ ವಿಷಯವನ್ನೂ ಬಿಡಲಿಲ್ಲ. ಅವಳು ಯಂತ್ರದ ಮುಂದೆ ಕೂತು ಕೇಳುತ್ತಿದ್ದಳು. ಅಳಲಿಲ್ಲ, ಕೂಗಲಿಲ್ಲ.

"ಹಾಗಾದ್ರೆ ಆ ಕ್ಯಾನ್ವಾಸ್ ಚೀಲ?" ಎಂದಳು.

ಅವನು ತಲೆ ತಗ್ಗಿಸಿದ. "ನಾನೇ ಹೊಲಿದಿದ್ದು."

"ನನಗೆ ಮರೆವಿನ ರೋಗ ಶುರುವಾಯ್ತು ಅಂತ ಎಷ್ಟು ದಿನ ಹೆದರಿಕೊಂಡಿದ್ದೆ ಗೊತ್ತಾ? ಯಾರಿಗೂ ಹೇಳ್ದೆ ಒಬ್ಬಳೇ ಡಾಕ್ಟರ ಹತ್ರ ಹೋಗಿದ್ದೆ. ಕ್ಯಾಲೆಂಡರ್ ತುಂಬ ಬರ್ದಿಡ್ತಾ ಇದ್ದೆ." "ಏಳು ವರ್ಷ ನನ್ನ ಎದುರಿಗೇ ಕೂತಿದ್ರಿ. ಸೂಜಿ ಮುರೀತಾ ಇತ್ತು, ಬೆನ್ನು ನೋಯ್ತಾ ಇತ್ತು. 'ಏಳು, ನಾನು ಹೊಲೀತೀನಿ' ಅನ್ನೋ ಒಂದು ಮಾತು ನಿಮ್ಮ ಬಾಯಿಂದ ಬರ್ಲಿಲ್ಲ. ನೀವು ವಿಮಾನದಿಂದ ಹಾರಿದ್ರೆ ಎಷ್ಟು, ಬಿಟ್ರೆ ಎಷ್ಟು, ನನಗೇನ್ರೀ ಅದರಿಂದ? ನಾನು ಮದುವೆ ಆಗಿದ್ದು ವಿಮಾನಾನಾ?"

ಬೇರೆ ದಿನವಾಗಿದ್ದರೆ ಆ ಮಾತಿಗೆ ಇಬ್ಬರೂ ನಗುತ್ತಿದ್ದರು.

ಎರಡು ದಿನ ಅವಳು ಮಾತು ಬಿಟ್ಟಳು. ಮೂರನೇ ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಹೊರಡಿ. ಆ ವೈರ್‌ಲೆಸ್ ಮೇಡಂ ಹತ್ರ. ಇವತ್ತು ನಾನೂ ಬರ್ತೀನಿ."

ವೈರ್‌ಲೆಸ್ ಮೇಡಂ ಎಲ್ಲ ಕೇಳಿಸಿಕೊಂಡಳು. ಸಮಾಧಾನದ ಮಾತು ಹೇಳಲಿಲ್ಲ. ದಾಖಲೆ ತೆರೆದು ವಯಸ್ಸು ನೋಡಿದಳು. "ನಲವತ್ತೊಂಬತ್ತು. ಪರೀಕ್ಷಾ ಕೇಂದ್ರದ ಕೆಲಸ ನಿಮಗೆ ಇನ್ನು ಸಿಗಲ್ಲ. ಸಿಕ್ಕಿದ್ರೆ ಇಡೀ ಜಿಲ್ಲೆಗೆ ಬರೋ ಬೆಲ್ಟೆಲ್ಲ ನಿಮ್ಮ ಕೈ ದಾಟಿ ಹೋಗ್ತಿತ್ತು. ಆ ಲೈನ್‌ಮನ್ ಬೆಲ್ಟೂ ನಿಮ್ಮ ಕೈಗೆ ಬರ್ತಿತ್ತೇನೋ."

ಮಿಲಿಟರಿಯಣ್ಣ ಮೇಜಿನ ಅಂಚು ಹಿಡಿದುಕೊಂಡ.

"ಈ ವಯಸ್ಸಲ್ಲಿ ಇನ್ನೇನಾದ್ರೂ ಉಳಿದಿದೆಯಾ ಮೇಡಂ?" ಎಂದು ಕೇಳಿದವಳು ಹೆಂಡತಿ.

"ಕೋರ್ಸ್ ಉಳಿದಿದೆ, ಅದಕ್ಕೆ ವಯಸ್ಸಿನ ಅಡ್ಡಿ ಇಲ್ಲ. ಕಲಿತು ಬಂದ್ರೆ ಸ್ವಂತವಾಗಿ ಮಾಡಬಹುದು. ಮೆಷಿನ್ ಕೊಡಿಸೋಕೆ ನಾನು ಅರ್ಜಿ ಬರೀತೀನಿ. ಇವರ ಕೈ ಒಂದು ಮಾತ್ರ ಹಳೇದಾಗಿಲ್ಲ, ಅದೊಂದು ಪುಣ್ಯ."

ಮಿಲಿಟರಿಯಣ್ಣ ಅಂಗಡಿಯ ಯೂನಿಫಾರ್ಮ್ ಒಗೆದು ಮಡಚಿ ವಾಪಸ್ ಕೊಟ್ಟ. ಮೂರು ತಿಂಗಳು ತರಬೇತಿಗೆ ಹೋದ. ಅಲ್ಲಿನ ಶಿಕ್ಷಕ ಅವನಿಗಿಂತ ಹದಿನೈದು ವರ್ಷ ಚಿಕ್ಕವನು. ಎರಡನೇ ವಾರಕ್ಕೆ ಚೌಕ ಹೊಲಿಗೆ ತೋರಿಸಲು ಅವನನ್ನೇ ಯಂತ್ರದ ಮುಂದೆ ಕೂರಿಸತೊಡಗಿದ. ಸುತ್ತಲೂ ನಿಂತು ನೋಡುವವರ ನಡುವೆ, ಕಾಲು ತುಳಿದ ಹಾಗೆಲ್ಲ ದಪ್ಪ ಸೂಜಿ ಪಟ್ಟಿಯೊಳಗೆ ಟಕ್ ಟಕ್ ಎಂದು ಇಳಿಯುತ್ತಿದ್ದರೆ, ಏಳು ವರ್ಷದಿಂದ ಮರಗಟ್ಟಿದ್ದ ಕೈಗೆ ರಕ್ತ ಬಂದಂತಾಯಿತು. ಆ ಖುಷಿಯ ಹಿಂದೆಯೇ ಆಸ್ಪತ್ರೆಯ ಗೋಡೆಯ ಕಡೆ ತಿರುಗಿದ ಮುಖವೂ ಬಂದು ನಿಲ್ಲುತ್ತಿತ್ತು.

ವಾಪಸ್ ಬಂದು ಮುಂದಿನ ಕೋಣೆಯಲ್ಲೇ, ಹೆಂಡತಿಯ ಯಂತ್ರದ ಎದುರು ತನ್ನ ದೊಡ್ಡ ಯಂತ್ರ ಹಾಕಿದ. ಛಾವಣಿಯ ಕಬ್ಬಿಣದ ತೊಲೆಗೆ ಕೊಕ್ಕೆ ಸಿಕ್ಕಿಸಿದ. ಹೊಲಿದ ಪ್ರತಿ ಬೆಲ್ಟನ್ನೂ ಅದಕ್ಕೆ ತೂಗುಹಾಕಿ, ಇಬ್ಬರು ಆಳುಗಳ ತೂಕದ ಮರಳಿನ ಮೂಟೆ ಕಟ್ಟಿ ಬೆಳಗಿನಿಂದ ಸಂಜೆಯವರೆಗೆ ಬಿಡುತ್ತಿದ್ದ. ಸಂಜೆ ಮತ್ತೆ ಬೆರಳಾಡಿಸಿ, ಸರಿ ಕಂಡರೆ ಮಾತ್ರ ಒಂದು ಸಣ್ಣ ಬಟ್ಟೆಯ ಚೀಟಿಯ ಮೇಲೆ ತನ್ನ ಸಹಿ ಹಾಕಿ ಹೊಲಿಯುತ್ತಿದ್ದ. ಸಮವಸ್ತ್ರ ಹೊಲಿಸಲು ಬಂದ ತಾಯಂದಿರು ಮೂಟೆ ಕಂಡು, "ಇದೇನಕ್ಕಾ ಮನೆ ಮಧ್ಯೆ?" ಎಂದರೆ ಹೆಂಡತಿ, "ಮನೆಗೆ ಹೊಸ ನೆಂಟರು, ತೂಗಾಡೋದು ಬಿಟ್ಟು ಏನೂ ಕೇಳಲ್ಲ" ಅನ್ನುತ್ತಿದ್ದಳು.

ಭಾಮೈದ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದ. "ಭಾವ, ಊರೆಲ್ಲ ಹೇಳ್ಕೊಂಡು ಓಡಾಡಿದ್ದೆ ನಾನು. ನಮ್ಮ ಭಾವ ಹಾಗೆ, ನಮ್ಮ ಭಾವ ಹೀಗೆ ಅಂತ. ಈಗ ದರ್ಜಿ ಅಂದ್ರೆ ಜನ ನಗಲ್ವಾ?"

"ನಗಲಿ. ನಿನ್ನ ಹುಡುಗ್ರು ಎಷ್ಟನೇ ಮಹಡೀಲಿ ಬಣ್ಣ ಹೊಡೀತಾ ಇದ್ದಾರೆ ಈಗ?"

"ಐದನೇದು. ಯಾಕೆ?"

"ಅವರ ಬೆಲ್ಟ್ ತಗೊಂಡ್ ಬಾ. ಒಂದ್ಸಲ ನೋಡ್ತೀನಿ."

ಭಾಮೈದ ಗೊಣಗುತ್ತಲೇ ಅವುಗಳಲ್ಲಿ ಐದು ಬೆಲ್ಟು ತಂದು ಮೇಜಿನ ಮೇಲೆ ಹಾಕಿದ. ಮಿಲಿಟರಿಯಣ್ಣ ಒಂದೊಂದನ್ನೇ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಬೆರಳಾಡಿಸಿದ. ಸರಿಯಿದ್ದ ಎರಡನ್ನು ಬದಿಗಿಟ್ಟ. ಉಳಿದ ಮೂರರಲ್ಲಿ ಒಂದನ್ನು ಕೊಕ್ಕೆಗೆ ಹಾಕಿ ಮೂಟೆ ಕಟ್ಟಿದ. ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಹೊಲಿಗೆ ಚರ್ರೆಂದು ಬಿಟ್ಟು ಮೂಟೆ ದೊಪ್ಪೆಂದು ನೆಲಕ್ಕೆ ಬಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳು ಗಡಗಡ ಅಂದವು.

ಭಾಮೈದ ಮೂಟೆಯನ್ನೇ ನೋಡುತ್ತಿದ್ದ. "ಇದನ್ನ ಹಾಕ್ಕೊಂಡೇ ನಮ್ಮ ಹುಡುಗ ಇವತ್ತು ಬೆಳಿಗ್ಗೆ ಮೇಲಿದ್ದ" ಎಂದ. ಆಮೇಲೆ ಬಾಗಿಲ ಬಳಿ ಹೋಗಿ ಫೋನ್ ತೆಗೆದ. "ಎಲ್ಲರೂ ಕೆಳಗಿಳೀರಿ. ಇವತ್ತು ಕೆಲಸ ಬೇಡ. ಇಳೀರಿ ಅಂದೆ, ಅಷ್ಟೇ" ಎಂದು ಕೂಗಿದ. ಅಂದಿನಿಂದ ಅವನ ಬಾಯಲ್ಲಿ ದರ್ಜಿ ಎಂಬ ಮಾತು ನಗೆಯಾಗಿ ಬರಲಿಲ್ಲ.

ಕೆಲಸ ಬೆಳೆಯಿತು. ಮರ ಕಡಿಯುವವರು, ಟವರ್ ಹತ್ತುವವರು, ಕಿಟಕಿ ಗಾಜು ಒರೆಸುವವರು ಬರತೊಡಗಿದರು. ಹೆಂಡತಿ ದೊಡ್ಡ ಯಂತ್ರ ಕಲಿತಳು. ಸಾಲು ಸೊಟ್ಟಗಾದರೆ ಅವಳ ಹೊಲಿಗೆಯನ್ನೂ ಅವನು ಬಿಚ್ಚಿಸುತ್ತಿದ್ದ, ಅದಕ್ಕೆ ಅವಳು ಒಂದು ಹೊತ್ತು ಮುನಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಏನು ಮಾಡಬೇಕು ಎಂದು ಗೊತ್ತಿರುವ ಬದುಕು ಮತ್ತೆ ಸಿಕ್ಕಿತು.

ಲೈನ್‌ಮನ್‌ಗೆ ವಿದ್ಯುತ್ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಫೋನಿನ ಮುಂದೆ ಕೆಲಸ ಕೊಟ್ಟರು. ಬೆಳಿಗ್ಗೆ ಊರುಗೋಲು ಊರಿಕೊಂಡು ಅದೇ ಬೀದಿಯಲ್ಲಿ ಹೋಗುತ್ತಾನೆ. ಹೆಂಡತಿ ಕಂಡರೆ, "ಅತ್ತಿಗೆ, ಚೆನ್ನಾಗಿದ್ದೀರಾ?" ಎನ್ನುತ್ತಾನೆ. ಅವನ ಜೊತೆಯವರೆಲ್ಲ ಈ ಮನೆಯಲ್ಲೇ ಬೆಲ್ಟು ಹೊಲಿಸುತ್ತಾರೆ, ಅವನೇ ಕಳಿಸುತ್ತಾನೆ ಎಂದು ಕೇಳಿದವರಿದ್ದಾರೆ. ಆದರೆ ಅವನು ಹೊಸ್ತಿಲು ದಾಟಿ ಒಳಗೆ ಬಂದಿಲ್ಲ. ಮಿಲಿಟರಿಯಣ್ಣ ಎರಡು ಸಲ ಕರೆದ. "ಇನ್ನೊಂದ್ಸಲ ಬರ್ತೀನಿ ಅಣ್ಣ" ಎಂದ ಅವನು, ನಿಲ್ಲದೆ. ಮೂರನೇ ಸಲ ಕರೆಯಲು ಮಿಲಿಟರಿಯಣ್ಣನಿಗೆ ಧೈರ್ಯ ಸಾಲಲಿಲ್ಲ.

ಹೋದ ತಿಂಗಳು ವೈರ್‌ಲೆಸ್ ಮೇಡಂ ಅವನನ್ನು ಒಂದು ಸಭೆಗೆ ಕರೆದುಕೊಂಡು ಹೋದಳು. ಇನ್ನು ಒಂದು ವರ್ಷಕ್ಕೆ ಸೇವೆ ಮುಗಿಯುವ ನಲವತ್ತು ಸೈನಿಕರು ಸಾಲಾಗಿ ಕುರ್ಚಿಗಳಲ್ಲಿ ಕೂತಿದ್ದರು. ಮಿಲಿಟರಿಯಣ್ಣನಿಗೆ ಭಾಷಣ ಬರುವುದಿಲ್ಲ. ಈ ಕಥೆಯನ್ನೇ ಹೇಳಿದ, ಆಸ್ಪತ್ರೆಯ ಭಾಗವನ್ನೂ ಬಿಡಲಿಲ್ಲ.

ಒಬ್ಬ ಕೇಳಿದ: "ಈಗ ನೆಮ್ಮದಿಯಾಗಿದ್ದೀರಾ ಸಾರ್?"

"ಕೆಲಸ ಮಾಡೋ ಹೊತ್ತಲ್ಲಿ ಇದ್ದೀನಿ. ಮೆಷಿನ್ ನಿಂತ ಮೇಲೆ, ಇದನ್ನೇ ಏಳು ವರ್ಷ ಮುಂಚೆ ಶುರು ಮಾಡಿದ್ರೆ ಒಬ್ಬ ಮನುಷ್ಯ ಇವತ್ತು ಎರಡು ಕಾಲಲ್ಲಿ ನಡೀತಿದ್ದ ಅನ್ನೋದು ನೆನಪಾಗುತ್ತೆ. ಅದಕ್ಕೆ ಔಷಧಿ ಇಲ್ಲ."

ಆಮೇಲೆ ಅವನು ಕೇಳಿದ: "ನಿಮ್ಮಲ್ಲಿ ಎಷ್ಟು ಜನ ಸೈನ್ಯದಲ್ಲಿ ನಿಜವಾಗಿ ಏನು ಕೆಲಸ ಮಾಡ್ತೀವಿ ಅಂತ ಮನೇಲಿ ಹೇಳಿದ್ದೀರಾ?"

ಕೈಗಳು ಎದ್ದವು. ಹಿಂದಿನ ಸಾಲಿನ ಒಬ್ಬ ದಪ್ಪ ಮೀಸೆಯವನು ಕೈ ಎತ್ತಲಿಲ್ಲ. ಸಭೆ ಮುಗಿದ ಮೇಲೆ ಹತ್ತಿರ ಬಂದು ದನಿ ತಗ್ಗಿಸಿದ. "ನಾನು ಅಡುಗೆಯವನು ಸಾರ್. ಹದಿನೆಂಟು ವರ್ಷದಿಂದ. ಮುನ್ನೂರು ಜನಕ್ಕೆ ಒಬ್ಬನೇ ನಿಂತು ಮಾಡ್ತೀನಿ. ಮನೇಲಿ ಮಾತ್ರ ಗಡೀಲಿ ಕಾವಲಿದ್ದೀನಿ ಅಂತ ಹೇಳಿದ್ದೀನಿ."

"ಫೋನ್ ಇದೆಯಾ ಹತ್ರ?" ಎಂದ ಮಿಲಿಟರಿಯಣ್ಣ.

"ಇದೆ."

"ಹಾಗಾದ್ರೆ ನಾಳೆ ಅನ್ನಬೇಡಿ."

ಮೀಸೆಯವನು ವರಾಂಡಕ್ಕೆ ಹೋಗಿ, ಕಂಬಕ್ಕೆ ಒರಗಿ ಫೋನ್ ಹಚ್ಚಿದ. "ಹಲೋ... ಏನಿಲ್ಲ, ಆರಾಮಾಗಿದ್ದೀನಿ. ನಿನಗೊಂದು ವಿಷಯ ಹೇಳ್ಬೇಕಿತ್ತು ಕಣೇ." ಆಮೇಲೆ ಅವನ ದನಿ ತಗ್ಗಿತು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಹೆಂಗಸೊಬ್ಬಳು ಜೋರಾಗಿ ನಗುವುದು ಇಲ್ಲಿಯವರೆಗೂ ಕೇಳಿಸಿತು. ಮೀಸೆಯವನು ಕಣ್ಣೊರೆಸಿಕೊಂಡು ತಾನೂ ನಗುತ್ತಿದ್ದ. ಮಿಲಿಟರಿಯಣ್ಣ ಅದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಸೈನ್ಯದಿಂದ ಬಂದವರಾಗಿದ್ದರೆ, ಅಥವಾ ಬರುವ ದಿನ ಹತ್ತಿರವಾಗಿದ್ದರೆ, ನಿಮ್ಮ ಕೈಗೆ ಏನೇನು ಬರುತ್ತದೆ ಎಂದು ಇವತ್ತೇ ಒಂದು ಹಾಳೆಯ ಮೇಲೆ ಬರೆಯಿರಿ. ಅಡುಗೆ, ಹೊಲಿಗೆ, ಗಾಡಿ ರಿಪೇರಿ, ಗಾಯಕ್ಕೆ ಪಟ್ಟಿ ಕಟ್ಟುವುದು, ತಂತಿ ಎಳೆಯುವುದು, ಯಾವುದನ್ನೂ ಸಣ್ಣದೆಂದು ಬಿಡಬೇಡಿ. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ. ನಿಮ್ಮ ಹತ್ತಿರದ ಮಾಜಿ ಸೈನಿಕರ ಕಚೇರಿಗೆ ಆ ಹಾಳೆ ಹಿಡಿದು ಹೋಗಿ ಕೇಳಿ, ಯಾಕೆಂದರೆ ಎಷ್ಟೋ ಕೆಲಸಕ್ಕೆ ವಯಸ್ಸಿನ ಮಿತಿ ಇರುತ್ತದೆ, ಅದು ನಿಮ್ಮ ಸಂಕೋಚ ಮುಗಿಯಲಿ ಎಂದು ಕಾಯುವುದಿಲ್ಲ. ಸಿಕ್ಕ ಕೆಲಸ ಇಷ್ಟವಾದರೆ ಸಂತೋಷವಾಗಿ ಮಾಡಿ. ಇಷ್ಟವಿಲ್ಲದಿದ್ದರೆ ಬೇರೆ ದಾರಿ ಕೇಳಲು ನಾಚಬೇಡಿ.

ಮನೆಯವರೇ, ನಿಮ್ಮ ಸೈನಿಕ ಮನೆಗೆ ಬಂದಾಗ 'ಮುಂದೇನು' ಎಂದು ಕೇಳುವ ಮೊದಲು, 'ಅಲ್ಲಿ ಏನು ಮಾಡ್ತಿದ್ರಿ, ಅದರಲ್ಲಿ ಯಾವುದು ಇಷ್ಟ ಇತ್ತು' ಎಂದು ಕೇಳಿ. ಪಕ್ಕದಲ್ಲಿ ಕೂತು ಪೂರ್ತಿ ಕೇಳಿ.